ಇನ್ನೂರು ವರ್ಷ ಪಾದ್ರಿಗಳಿಲ್ಲದೆ: ನಾಗಾಸಾಕಿಯ ಉರಕಾಮಿಯಲ್ಲಿ ಕ್ರೈಸ್ತ ವಿಶ್ವಾಸ ಉಳಿದ ಬಗೆ

ನಾಗಾಸಾಕಿ ಎಂದೊಡನೆ ನಮಗೆ ನೆನಪಾಗುವುದು 1945ರ ಆಗಸ್ಟ್ 9ರ ಅಣುಬಾಂಬ್. ಆದರೆ ಅಂದು ಬಾಂಬ್ ಸಿಡಿದದ್ದು ನಗರದ ಹಳೆಯ ಬಂದರು ಪ್ರದೇಶದ ಮೇಲಲ್ಲ, ಅದರ ಉತ್ತರಕ್ಕಿರುವ ಉರಕಾಮಿ ಎಂಬ ಕಣಿವೆಯ ಮೇಲೆ. ಆ ಕಣಿವೆ ಜಪಾನಿನ ಕಥೋಲಿಕ ಕ್ರೈಸ್ತರ ಅತಿ ದೊಡ್ಡ ನೆಲೆಯಾಗಿತ್ತೆಂಬ ಸಂಗತಿ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ ಸುಮಾರು 8,500 ಮಂದಿ ಆ ಬಾಂಬಿಗೆ ಬಲಿಯಾದರು ಎಂಬುದು ಚರ್ಚಿನ ಲೆಕ್ಕ.

ಅಳಿದುಳಿದವರಲ್ಲಿ ಕೆಲವರು ಈ ದುರಂತವನ್ನು ಕರೆದ ಹೆಸರು ವಿಚಿತ್ರವಾದುದು: 'ಐದನೆಯ ಕುಝುರೆ'. ಕುಝುರೆ ಎಂದರೆ ಕುಸಿತ. ಐದನೆಯದು ಎನ್ನಬೇಕಾದರೆ ಹಿಂದೆ ನಾಲ್ಕು ಆಗಿರಬೇಕಷ್ಟೆ. 1790ರಿಂದ 1867ರವರೆಗೆ ನಾಲ್ಕು ಬಾರಿ ಈ ಊರಿನ ಗುಪ್ತ ಕ್ರೈಸ್ತರು ಅಧಿಕಾರಿಗಳ ಕಣ್ಣಿಗೆ ಬಿದ್ದಿದ್ದರು. ನಾಲ್ಕು ಬಾರಿಯೂ ಬಂಧನ, ವಿಚಾರಣೆ, ಚಿತ್ರಹಿಂಸೆಗಳು ನಡೆದಿದ್ದವು. ಗುಡಿಯಿಲ್ಲದೆ, ಗುರುವಿಲ್ಲದೆ, ಗ್ರಂಥವೂ ಇಲ್ಲವೆಂಬಷ್ಟು ವಿರಳವಾಗಿ ಇದ್ದ ಒಂದು ನಂಬಿಕೆ ಇಷ್ಟು ಕಾಲ ಹೇಗೆ ಉಳಿಯಿತು? ಉತ್ತರ ದೊರೆಯುವುದು ರಣರಂಗದಲ್ಲಾಗಲಿ ಗಲ್ಲುಗಂಬದಲ್ಲಾಗಲಿ ಅಲ್ಲ. ಬಹುಮಟ್ಟಿಗೆ ಮನೆಯ ಒಳಕೋಣೆಯಲ್ಲಿ.

ಗೋವೆಯಿಂದ ಹೊರಟ ಹಡಗು

ಈ ಕಥೆಯ ಮೊದಲ ಎಳೆ ನಮ್ಮ ನೆರೆಯಲ್ಲಿಯೇ ಇದೆ. ಇಂದು ಹಳೆ ಗೋವೆಯ ಬೋಮ್ ಜೀಸಸ್ ಬೆಸಿಲಿಕಾದಲ್ಲಿ ಯಾರ ಪಾರ್ಥಿವ ಶರೀರವಿದೆಯೋ ಆ ಸಂತ ಫ್ರಾನ್ಸಿಸ್ ಝೇವಿಯರ್ ಗೋವೆಯಿಂದ ಹೊರಟು 1549ರ ಆಗಸ್ಟ್ 15ರಂದು ಜಪಾನಿನ ಕಾಗೋಶಿಮಾದಲ್ಲಿ ಇಳಿದರು. ಮುಂದಿನ ಅರ್ಧ ಶತಮಾನದಲ್ಲಿ ಕ್ರೈಸ್ತ ಧರ್ಮ ಅಲ್ಲಿ ಬೇಗನೆ ಹರಡಿತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಕ್ರೈಸ್ತರ ಸಂಖ್ಯೆ ಸುಮಾರು 3 ಲಕ್ಷ ಎಂಬುದು ಇತಿಹಾಸಕಾರರ ಸಾಮಾನ್ಯ ಅಂದಾಜು. ನಾಗಾಸಾಕಿ ಬಂದರು ಕೆಲಕಾಲ ಜೆಸುಯಿಟ್ ಪಾದ್ರಿಗಳ ಕೈಯಲ್ಲಿಯೇ ಇತ್ತು.

ಆಳುವವರಿಗೆ ಇದು ರುಚಿಸಲಿಲ್ಲ. ಪಾದ್ರಿಗಳ ಹಿಂದೆ ಪೋರ್ಚುಗಲ್ ಮತ್ತು ಸ್ಪೇನಿನ ಸೈನ್ಯ ಬಂದೀತೆಂಬ ಶಂಕೆ ಅವರದು. ಏಷ್ಯಾದ ಇತರ ತೀರಗಳಲ್ಲಿ ನಡೆದುದನ್ನು ನೋಡಿದರೆ ಅದು ಪೂರ್ತಿ ನಿರಾಧಾರವೂ ಆಗಿರಲಿಲ್ಲ. 1587ರಲ್ಲಿ ಹಿದೆಯೋಶಿ ಪಾದ್ರಿಗಳನ್ನು ಹೊರಹಾಕುವ ಆಜ್ಞೆ ಹೊರಡಿಸಿದ. 1597ರ ಫೆಬ್ರವರಿ 5ರಂದು ನಾಗಾಸಾಕಿಯ ನಿಶಿಝಾಕಾ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲೊಬ್ಬ ಗೊನ್ಸಾಲೊ ಗಾರ್ಸಿಯಾ. ಮುಂಬಯಿ ಸಮೀಪದ ವಸಾಯಿಯಲ್ಲಿ ಹುಟ್ಟಿದವ, ತಾಯಿ ಭಾರತೀಯಳು. 1614ರಲ್ಲಿ ತೊಕುಗಾವಾ ಸರ್ಕಾರ ದೇಶಾದ್ಯಂತ ಕ್ರೈಸ್ತ ಧರ್ಮವನ್ನು ನಿಷೇಧಿಸಿತು. 1637-38ರ ಶಿಮಾಬಾರಾ ದಂಗೆಯನ್ನು ರಕ್ತಪಾತದಿಂದ ಅಡಗಿಸಿದ ಬಳಿಕ ನಿಷೇಧ ಇನ್ನಷ್ಟು ಬಿಗಿಯಾಯಿತು. ದೇಶದೊಳಗೆ ಉಳಿದಿದ್ದ ಕೊನೆಯ ಪಾದ್ರಿ ಕೊನಿಶಿ ಮಾನ್ಶೊ 1644ರಲ್ಲಿ ಕೊಲ್ಲಲ್ಪಟ್ಟರೆಂದು ದಾಖಲೆಗಳು ಹೇಳುತ್ತವೆ.

ಕಥೋಲಿಕ ಸಂಪ್ರದಾಯದಲ್ಲಿ ಪಾದ್ರಿಯಿಲ್ಲದೆ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ಪಾದ್ರಿಯಿಲ್ಲದೆಯೂ ಕೊಡಬಹುದಾದ ಮುಖ್ಯ ಸಂಸ್ಕಾರವೆಂದರೆ ಜ್ಞಾನಸ್ನಾನ. ಅಗತ್ಯ ಬಿದ್ದಾಗ ನೀರು ಹಾಗೂ ಸರಿಯಾದ ಮಂತ್ರವಾಕ್ಯ ಇದ್ದರೆ ಸಾಮಾನ್ಯನೂ ಅದನ್ನು ನೀಡಬಹುದು. ಉರಕಾಮಿಯ ರೈತರು ಹಿಡಿದುಕೊಂಡದ್ದು ಇದೇ ಸಣ್ಣ ಎಳೆಯನ್ನು.

ಮೂವರು ಹೊಣೆಗಾರರು

ಅವರು ಕಟ್ಟಿಕೊಂಡ ವ್ಯವಸ್ಥೆ ಸರಳವಾದುದು. ಹಳ್ಳಿಗೆ ಒಬ್ಬ 'ಚೋಕಾತಾ'. ಆತನ ಬಳಿ ಚರ್ಚಿನ ಪಂಚಾಂಗ ಇರುತ್ತಿತ್ತು. ಕ್ರಿಸ್ತಜಯಂತಿ ಎಂದು, ಉಪವಾಸದ ತಪಸ್ಸುಕಾಲ ಎಂದು ಆರಂಭ, ಕೆಲಸ ಮಾಡಬಾರದ ದಿನ ಯಾವುದು ಎಂಬುದನ್ನು ಲೆಕ್ಕ ಹಾಕುವುದು ಅವನ ಹೊಣೆ. 'ಮಿಝುಕಾತಾ' ಎಂದರೆ ನೀರಿನವ; ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನ ಕೊಡುವವ. 'ಕಿಕಿಯಾಕು' ಎಂದರೆ ಕೇಳಿಸಿಕೊಳ್ಳುವವ. ಚೋಕಾತಾ ಹೇಳಿದ್ದನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಇವನದು. ಎಲ್ಲರೂ ಹೊಲಗೆಲಸದವರೇ. ಹೊಣೆ ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಬರುತ್ತಿತ್ತು. ಮದುವೆ ಸಂಬಂಧಗಳು ಬಹುತೇಕ ಗುಂಪಿನೊಳಗೇ ನಡೆಯುತ್ತಿದ್ದವು, ಏಕೆಂದರೆ ಹೊರಗಿನ ಸೊಸೆ ಬಂದರೆ ಗುಟ್ಟು ಹೊರಹೋಗುವ ಭಯ.

ಪಂಚಾಂಗವನ್ನು ಬಾಸ್ತಿಯನ್ ಎಂಬ ಜಪಾನಿ ಉಪದೇಶಕ ಬಿಟ್ಟುಹೋದನೆಂಬುದು ಪರಂಪರೆಯ ನಂಬಿಕೆ. ಏಳು ತಲೆಮಾರು ಕಳೆದ ಮೇಲೆ ಕಪ್ಪು ಹಡಗಿನಲ್ಲಿ ಪಾಪನಿವೇದನೆ ಕೇಳುವ ಗುರುಗಳು ಬರುವರು ಎಂದೂ ಆತ ಹೇಳಿದ್ದನಂತೆ. ಪ್ರಾರ್ಥನೆಗಳಿಗೆ 'ಒರಾಶೊ' ಎಂದು ಹೆಸರು. ಲ್ಯಾಟಿನ್ ಮತ್ತು ಪೋರ್ಚುಗೀಸ್ ಪದಗಳು ಜಪಾನಿ ನಾಲಗೆಯಲ್ಲಿ ಹೊರಳಿ ಹೊರಳಿ, ಹೇಳುವವರಿಗೇ ಅರ್ಥವಾಗದಂತಾಗಿದ್ದರೂ ಬಾಯಿಪಾಠ ಮಾತ್ರ ನಿಲ್ಲಲಿಲ್ಲ. ಮಗುವನ್ನೆತ್ತಿಕೊಂಡ ಬೌದ್ಧ ದೇವತೆ ಕನ್ನೊನ್‌ಳ ಪಿಂಗಾಣಿ ಬೊಂಬೆ ಅವರ ಪಾಲಿಗೆ ಮಾತೆ ಮರಿಯಳಾದಳು.

ಸರ್ಕಾರವೂ ಮನೆಯ ಬಾಗಿಲಿಗೇ ಬಲೆ ಹಾಕಿತ್ತು ಎಂಬುದು ಗಮನಾರ್ಹ. ಪ್ರತಿಯೊಂದು ಕುಟುಂಬವೂ ಯಾವುದಾದರೊಂದು ಬೌದ್ಧ ದೇವಾಲಯದಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಸತ್ತಾಗ ಆ ದೇವಾಲಯದ ಭಿಕ್ಷುವೇ ಬಂದು ಅಂತ್ಯಕ್ರಿಯೆ ನಡೆಸಬೇಕು. ಐದೈದು ಮನೆಗಳ ಗುಂಪು ಮಾಡಿ ಒಬ್ಬರ ತಪ್ಪಿಗೆ ಎಲ್ಲರನ್ನೂ ಹೊಣೆಯಾಗಿಸಲಾಗಿತ್ತು. ಕ್ರೈಸ್ತರನ್ನು ತೋರಿಸಿಕೊಟ್ಟವರಿಗೆ ಬೆಳ್ಳಿ ನಾಣ್ಯಗಳ ಬಹುಮಾನ ಸಾರುವ ಹಲಗೆಗಳು ಊರೂರಲ್ಲಿ ನಿಂತಿದ್ದವು. ಹಿಂದೊಮ್ಮೆ ಕ್ರೈಸ್ತರಾಗಿದ್ದು ಧರ್ಮ ಬಿಟ್ಟವರ ಮಕ್ಕಳು ಮೊಮ್ಮಕ್ಕಳ ಮೇಲೆಯೂ ತಲೆಮಾರುಗಟ್ಟಲೆ ಕಣ್ಣಿಡಲಾಗುತ್ತಿತ್ತು.

ಭಿಕ್ಷು ಮನೆಗೆ ಬಂದು ಶವದ ಮುಂದೆ ಸೂತ್ರ ಪಠಿಸುವಾಗ ಪಕ್ಕದ ಕೋಣೆಯಲ್ಲಿ ಕುಳಿತ ಕೆಲವರು ಮೆಲುದನಿಯಲ್ಲಿ ಒಂದು ಪ್ರಾರ್ಥನೆ ಹೇಳುತ್ತಿದ್ದರು. ಆ ಸೂತ್ರವನ್ನು ಅಳಿಸಿಹಾಕುವ ಪ್ರಾರ್ಥನೆ ಅದು.

ತುಳಿದು ಬಂದವರು

ನಾಗಾಸಾಕಿ ಸೀಮೆಯಲ್ಲಿ ಹೊಸ ವರ್ಷದ ಆರಂಭದಲ್ಲಿ ಮತ್ತೊಂದು ವಿಧಿಯಿತ್ತು. ಯೇಸುವಿನ ಅಥವಾ ಮರಿಯಳ ಚಿತ್ರ ಕೆತ್ತಿದ ಹಲಗೆಯನ್ನು ನೆಲದಲ್ಲಿಟ್ಟು, ಊರಿನವರೆಲ್ಲ ಒಬ್ಬೊಬ್ಬರಾಗಿ ಅದರ ಮೇಲೆ ಕಾಲಿಟ್ಟು ದಾಟಬೇಕು. ಇದಕ್ಕೆ 'ಫುಮಿ-ಎ' ಎಂದು ಹೆಸರು. ಉರಕಾಮಿಯವರು ಗ್ರಾಮಾಧಿಕಾರಿಯ ಮನೆಯಂಗಳದಲ್ಲಿ ಇದನ್ನು ಮಾಡಬೇಕಿತ್ತು. 1850ರ ದಶಕದವರೆಗೂ ಈ ಪದ್ಧತಿ ನಡೆಯಿತು. ಜಪಾನಿ ಕಾದಂಬರಿಕಾರ ಶುಸಾಕು ಎಂಡೊ 1966ರಲ್ಲಿ ಬರೆದ 'ಮೌನ' ಕಾದಂಬರಿಯ ಕೇಂದ್ರದಲ್ಲಿರುವುದು ಇದೇ ಹಲಗೆ. 2016ರಲ್ಲಿ ಮಾರ್ಟಿನ್ ಸ್ಕೋರ್ಸೆಸಿ ಅದನ್ನು ಚಲನಚಿತ್ರವಾಗಿಸಿದರು.

ಉರಕಾಮಿಯವರು ತುಳಿದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಅವರು ತುಳಿಯದೇ ಇದ್ದಿದ್ದರೆ 1865ರಲ್ಲಿ ಬಾಗಿಲು ತಟ್ಟಲು ಯಾರೂ ಉಳಿಯುತ್ತಿರಲಿಲ್ಲ. ತುಳಿದು ಮನೆಗೆ ಬಂದು ಅವರು ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಇದಕ್ಕೊಂದು ಆಧಾರವೂ ಇತ್ತು. ನಿಷೇಧಕ್ಕೆ ಮುನ್ನ, 1603ರಲ್ಲಿ, ಪಶ್ಚಾತ್ತಾಪದ ಬಗ್ಗೆ ಜಪಾನಿ ಭಾಷೆಯಲ್ಲಿ ಸಿದ್ಧವಾದ ಒಂದು ಪುಟ್ಟ ಪುಸ್ತಕ ಕೈಬರಹದ ಪ್ರತಿಗಳಲ್ಲಿ ಗುಪ್ತ ಕ್ರೈಸ್ತರ ನಡುವೆ ಉಳಿದುಬಂದಿತ್ತು. ಪಾದ್ರಿ ಸಿಗದಿದ್ದಾಗ, ಶಿಕ್ಷೆಯ ಭಯದಿಂದಲ್ಲದೆ ದೇವರ ಮೇಲಣ ಪ್ರೀತಿಯಿಂದ ಮನಸಾರೆ ಪಶ್ಚಾತ್ತಾಪ ಪಟ್ಟು, ಮುಂದೆ ಪಾದ್ರಿ ಸಿಕ್ಕಾಗ ನಿವೇದಿಸುವ ಸಂಕಲ್ಪ ಮಾಡಿದರೆ ಕ್ಷಮೆಯುಂಟು ಎಂಬುದು ಅದರ ಸಾರ. ಪ್ರತಿ ವರ್ಷ ಬೀಳುವುದು, ಪ್ರತಿ ವರ್ಷ ಏಳುವುದು. ತಂದೆ ತುಳಿಯುವುದನ್ನು ಮಗ ನೋಡುತ್ತಿದ್ದ. ಅದೇ ರಾತ್ರಿ ತಂದೆ ಅಳುತ್ತ ಪ್ರಾರ್ಥಿಸಿದ್ದರೆ ಅದನ್ನೂ ನೋಡುತ್ತಿದ್ದ.

ನಿಶಿಝಾಕಾದ 26 ರಕ್ತಸಾಕ್ಷಿಗಳಿಗೆ 1862ರಲ್ಲಿ ಸಂತ ಪದವಿ ಸಿಕ್ಕಿತು, 1962ರಲ್ಲಿ ಅದೇ ಗುಡ್ಡದಲ್ಲಿ ಸ್ಮಾರಕವೂ ಎದ್ದಿತು. ತುಳಿದು ಬಂದ ಸಾವಿರಾರು ಹೆಂಗಸರು ಗಂಡಸರಿಗೆ ಅಂಥ ಗೌರವ ದೊರೆತಿಲ್ಲ. ದೊರೆಯುವುದು ಕಷ್ಟವೂ ಹೌದು. ಸೋಲನ್ನು ಕಲ್ಲಿನಲ್ಲಿ ಕೆತ್ತುವುದು ಯಾವ ಧರ್ಮಕ್ಕೂ ಸುಲಭವಲ್ಲ. ಆದರೆ ಮಂತ್ರವಾಕ್ಯ ಮುಂದಿನ ತಲೆಮಾರಿಗೆ ದಾಟಿದ್ದು ಅವರ ಬಾಯಿಂದಲೇ.

1856ರ ಮೂರನೇ ಕುಝುರೆಯಲ್ಲಿ ಉರಕಾಮಿಯ ಚೋಕಾತಾ ಕಿಚಿಝೊ ಸೆರೆಯಾಗಿ ಅಲ್ಲಿಯೇ ಸತ್ತ. ಆ ಹೊಣೆ ಹೊತ್ತವರಲ್ಲಿ ಆತ ಏಳನೆಯ ತಲೆಮಾರು.

ಮಾರ್ಚ್ 17, 1865

ಅಷ್ಟರಲ್ಲಿ ಜಪಾನ್ ವಿದೇಶಿ ಹಡಗುಗಳಿಗೆ ಬಂದರುಗಳನ್ನು ತೆರೆದಿತ್ತು. ನಾಗಾಸಾಕಿಯಲ್ಲಿ ನೆಲೆಸಿದ ವಿದೇಶಿಯರಿಗಾಗಿ ಫ್ರೆಂಚ್ ಪಾದ್ರಿಗಳು ಓವುರಾ ಎಂಬಲ್ಲಿ ಚರ್ಚ್ ಕಟ್ಟಿದರು. ಜಪಾನಿಯರಿಗೆ ಮಾತ್ರ ನಿಷೇಧ ಮೊದಲಿನಂತೆಯೇ ಇತ್ತು. 1865ರ ಮಾರ್ಚ್ 17ರಂದು ಉರಕಾಮಿಯ ಹತ್ತು-ಹದಿನೈದು ಮಂದಿ ಚರ್ಚ್ ನೋಡುವ ನೆಪದಲ್ಲಿ ಬಂದರು. ಪಾದ್ರಿ ಬರ್ನಾರ್ಡ್ ಪೆತಿಜಾನ್ ಪ್ರಾರ್ಥಿಸುತ್ತಿದ್ದಾಗ ಗುಂಪಿನ ಒಬ್ಬ ಮಹಿಳೆ ಹತ್ತಿರ ಬಂದು, ತಮ್ಮೆಲ್ಲರ ಹೃದಯವೂ ನಿಮ್ಮಂತೆಯೇ ಎಂದು ಪಿಸುಗುಟ್ಟಿ, ಸಾಂತಾ ಮರಿಯಳ ಪ್ರತಿಮೆ ಎಲ್ಲಿದೆ ಎಂದು ವಿಚಾರಿಸಿದಳು. ಮಾತಿನ ನಡುವೆ ಅವರು, ತಾವೀಗ ದುಃಖದ ಕಾಲದ ಹದಿನೇಳನೆಯ ದಿನದಲ್ಲಿರುವುದಾಗಿ ಹೇಳಿದರು. ಆ ವರ್ಷ ವಿಭೂತಿ ಬುಧವಾರ ಬಿದ್ದದ್ದು ಮಾರ್ಚ್ 1ರಂದು. ಹೊರಜಗತ್ತಿನ ಸಂಪರ್ಕವೇ ಇಲ್ಲದೆ ಇನ್ನೂರು ವರ್ಷ ಎಣಿಸಿಕೊಂಡು ಬಂದ ಲೆಕ್ಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. ಮುಂದಿನ ಬಿಕ್ಕಟ್ಟು ಆರಂಭವಾದದ್ದು ಒಂದು ಸಾವಿನಿಂದ. 1867ರಲ್ಲಿ ಉರಕಾಮಿಯ ಮನೆಯೊಂದರಲ್ಲಿ ಸಾವು ಸಂಭವಿಸಿದಾಗ ಮನೆಯವರು ದೇವಾಲಯದ ಭಿಕ್ಷುವನ್ನು ಕರೆಯದೆ ತಾವೇ ಶವಸಂಸ್ಕಾರ ನಡೆಸಿದರು. ಪಾದ್ರಿ ಸಿಕ್ಕ ಮೇಲೆ ಇನ್ನು ಪಕ್ಕದ ಕೋಣೆಯ ಪ್ರಾರ್ಥನೆ ಅವರಿಗೆ ಸಾಕಾಗಲಿಲ್ಲ. ಬೇರೆ ಮನೆಗಳೂ ಅದೇ ದಾರಿ ಹಿಡಿದವು. ಆ ಜುಲೈಯ ಒಂದು ರಾತ್ರಿ 68 ಮಂದಿಯ ಬಂಧನವಾಯಿತು. ಹಿಂಸೆ ತಾಳಲಾರದೆ ಬಹುತೇಕರು ಧರ್ಮ ತ್ಯಜಿಸಿರುವುದಾಗಿ ಒಪ್ಪಿದರು. ತಕಾಗಿ ಸೆನ್ಎಮೊನ್ ಎಂಬಾತ ಮಾತ್ರ ಕಡೆಯವರೆಗೂ ಒಪ್ಪಲಿಲ್ಲ. ಬಿಡುಗಡೆಯಾಗಿ ಊರಿಗೆ ಬಂದವರು ನೆಮ್ಮದಿಯಿಂದ ಇರಲಾಗಲಿಲ್ಲ. ಅವರಲ್ಲಿ ಅನೇಕರು ಗ್ರಾಮಾಧಿಕಾರಿಯ ಬಳಿಗೆ ತಾವಾಗಿಯೇ ಮರಳಿ, ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವುದಾಗಿ ತಿಳಿಸಿದರು. ತುಳಿದು ಬಂದು ಅಳುತ್ತಿದ್ದವರ ಮಕ್ಕಳು ಈಗ ಹಗಲಿನಲ್ಲಿ ಎದ್ದು ನಿಂತಿದ್ದರು.

1868ರಲ್ಲಿ ತೊಕುಗಾವಾ ಆಳ್ವಿಕೆ ಕೊನೆಗೊಂಡಿತು. ಹೊಸ ಮೇಜಿ ಸರ್ಕಾರ ನಿಷೇಧವನ್ನು ತೆಗೆಯಲಿಲ್ಲ. ಬದಲಿಗೆ ಇಡೀ ಊರನ್ನೇ ಕಿತ್ತುಹಾಕಿತು. ಉರಕಾಮಿಯ 3,394 ಮಂದಿಯನ್ನು, ಕೂಸುಗಳಿಂದ ಮುದುಕರವರೆಗೆ, ಪಶ್ಚಿಮ ಜಪಾನಿನ ಸುಮಾರು ಇಪ್ಪತ್ತು ಸೀಮೆಗಳಿಗೆ ಚದುರಿಸಲಾಯಿತು. ಮೊದಲು ಮನೆಯ ಯಜಮಾನರು, ಬಳಿಕ ಹೆಂಡತಿ ಮಕ್ಕಳು. ಗಡೀಪಾರಾದವರು ಇದಕ್ಕೆ ಕೊಟ್ಟ ಹೆಸರು 'ತಾಬಿ', ಅಂದರೆ ಪಯಣ.

ತ್ಸುವಾನೊ ಎಂಬ ಗುಡ್ಡಗಾಡಿನ ಊರಿಗೆ ಹೋದವರ ಪಾಡು ಅತ್ಯಂತ ಕಠೋರ. ಮೂರಡಿ ಉದ್ದಗಲದ ಮರದ ಪಂಜರದಲ್ಲಿ ಕೂಡಿಹಾಕುವುದು, ಹೆಪ್ಪುಗಟ್ಟಿದ ಕೊಳದಲ್ಲಿ ಮುಳುಗಿಸುವುದು ಅಲ್ಲಿನ ವಿಧಾನ. ಗಂಡಸರು ಬಗ್ಗದಿದ್ದಾಗ ಅಧಿಕಾರಿಗಳು ಮಕ್ಕಳತ್ತ ತಿರುಗಿದರು. ಊಟ ಕಡಿಮೆ ಮಾಡಿ, ತಿಂಡಿಯ ಆಸೆ ತೋರಿಸಿ, ಹೊಡೆದು, ತಾಯಂದಿರ ಮನಸ್ಸು ಮುರಿಯುವ ಯತ್ನ ನಡೆಯಿತು. ಒಟ್ಟು ಗಡೀಪಾರಾದವರಲ್ಲಿ 600ಕ್ಕೂ ಹೆಚ್ಚು ಮಂದಿ ಪರಸ್ಥಳದಲ್ಲಿಯೇ ಸತ್ತರು. ಸುಮಾರು ಸಾವಿರ ಮಂದಿ ಧರ್ಮ ಬಿಡುವುದಾಗಿ ಒಪ್ಪಿದರು. ಮಕ್ಕಳ ಹಸಿವಿನ ಮುಂದೆ ಸೋತವರನ್ನು ದೂರದಲ್ಲಿ ಕುಳಿತು ಅಳೆಯುವ ಹಕ್ಕು ಯಾರಿಗೂ ಇಲ್ಲ. ವಿದೇಶಗಳಲ್ಲಿ ಪ್ರತಿಭಟನೆ ಎದ್ದು, ಯೂರೋಪ್ ಮತ್ತು ಅಮೆರಿಕಕ್ಕೆ ಹೋಗಿದ್ದ ಜಪಾನಿ ನಿಯೋಗಕ್ಕೆ ಹೋದಲ್ಲೆಲ್ಲ ಇದೇ ಪ್ರಶ್ನೆ ಎದುರಾದ ಬಳಿಕ, 1873ರ ಫೆಬ್ರವರಿಯಲ್ಲಿ ನಿಷೇಧದ ಹಲಗೆಗಳು ಕೆಳಗಿಳಿದವು.

ಮರಳಿದವರಿಗೆ ಮನೆಗಳು ಪಾಳುಬಿದ್ದಿದ್ದವು. ಮರುವರ್ಷವೇ ರೋಗರುಜಿನ ಹಬ್ಬಿತು. ಗಡೀಪಾರಿನಿಂದ ಬಂದಿದ್ದ ಇವಾನಾಗಾ ಮಾಕಿ ಎಂಬ ಯುವತಿ ಇತರ ಕೆಲವು ಹೆಣ್ಣುಮಕ್ಕಳೊಂದಿಗೆ ರೋಗಿಗಳ ಆರೈಕೆಗೆ ನಿಂತು, ಅನಾಥ ಶಿಶುಗಳನ್ನು ಸಾಕತೊಡಗಿದಳು. ಅದು ಮುಂದೆ ಒಂದು ಸೇವಾ ಸಂಘವಾಗಿ ಬೆಳೆಯಿತು. 1880ರಲ್ಲಿ ಊರವರು ಹಿಂದೆ ಫುಮಿ-ಎ ನಡೆಯುತ್ತಿದ್ದ ಗ್ರಾಮಾಧಿಕಾರಿಯ ಮನೆ ಮತ್ತು ನಿವೇಶನವನ್ನೇ ಕೊಂಡರು. 1895ರಲ್ಲಿ ಅಲ್ಲಿ ಚರ್ಚಿನ ಕಟ್ಟಡ ಆರಂಭವಾಗಿ 1914ರಲ್ಲಿ ಮುಗಿಯಿತು. ಜೋಡಿ ಗೋಪುರಗಳು ಏರಿದ್ದು 1925ರಲ್ಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗುಪ್ತ ಕ್ರೈಸ್ತರೆಲ್ಲರೂ ಫ್ರೆಂಚ್ ಪಾದ್ರಿಗಳ ಹಿಂದೆ ಹೋಗಲಿಲ್ಲ. ಇಕಿತ್ಸುಕಿ ದ್ವೀಪದಂತಹ ಕಡೆಗಳಲ್ಲಿ ಅನೇಕ ಮನೆತನಗಳು ಹಿರಿಯರು ಹೇಳಿಕೊಟ್ಟ ಒರಾಶೊಗಳನ್ನೇ, ಮನೆಯ ಉಗ್ರಾಣದ ಕೋಣೆಯಲ್ಲಿ ತೂಗುಹಾಕಿದ್ದ ಚಿತ್ರಪಟಗಳನ್ನೇ ಹಿಡಿದುಕೊಂಡವು. ಅವರ ಪಾಲಿಗೆ ಪ್ರಾಣ ಒತ್ತೆಯಿಟ್ಟು ಕಾಯ್ದ ಧರ್ಮ ಅದೇ. ಬೇರೆ ಯಾರೋ ಬಂದು ಅದನ್ನು ತಿದ್ದಬೇಕಾಗಿರಲಿಲ್ಲ. ಕಿರಿಯರು ಪಟ್ಟಣ ಸೇರಿ ಈ ಗುಂಪುಗಳು ಒಂದೊಂದಾಗಿ ಮುಚ್ಚಿಹೋಗುತ್ತಿವೆ. ನಿಷೇಧಕ್ಕೆ ಸೋಲದ ಮಂತ್ರಗಳು ಉದ್ಯೋಗದ ಅಲೆದಾಟಕ್ಕೆ ಸೋಲುತ್ತಿವೆ.

ಬಾಂಬಿನ ಬಳಿಕ

1945ರ ಆಗಸ್ಟ್ 9ರ ಬೆಳಗ್ಗೆ 11 ಗಂಟೆ 2 ನಿಮಿಷಕ್ಕೆ ಬಾಂಬ್ ಸಿಡಿದದ್ದು ಈ ಚರ್ಚಿನಿಂದ ಸುಮಾರು 500 ಮೀಟರ್ ದೂರದಲ್ಲಿ. ಆಗಸ್ಟ್ 15ರ ಮರಿಯಮ್ಮನವರ ಹಬ್ಬಕ್ಕೆ ಮುನ್ನ ಪಾಪನಿವೇದನೆಗೆ ಬಂದಿದ್ದವರೂ ಕೇಳುತ್ತಿದ್ದ ಪಾದ್ರಿಗಳೂ ಒಳಗಿದ್ದರು. ಅವರಲ್ಲಿ ಯಾರೂ ಬದುಕಲಿಲ್ಲ.

ನಾಗಾಸಾಕಿ ವೈದ್ಯಕೀಯ ಕಾಲೇಜಿನ ವಿಕಿರಣ ವಿಭಾಗದ ವೈದ್ಯ ತಕಾಶಿ ನಾಗಾಯ್ ಅಂದು ಆಸ್ಪತ್ರೆಯಲ್ಲಿದ್ದರು. ವಿಜ್ಞಾನವನ್ನಷ್ಟೇ ನಂಬುತ್ತಿದ್ದ ಈತ ವಿದ್ಯಾರ್ಥಿಯಾಗಿದ್ದಾಗ ಉರಕಾಮಿಯ ಮೊರಿಯಾಮಾ ಎಂಬವರ ಮನೆಯಲ್ಲಿ ಬಾಡಿಗೆಗಿದ್ದರು. ಅದು ಸೆರೆಯಲ್ಲಿ ಸತ್ತ ಚೋಕಾತಾ ಕಿಚಿಝೊನ ವಂಶದ ಮನೆ. 1934ರಲ್ಲಿ ನಾಗಾಯ್ ಜ್ಞಾನಸ್ನಾನ ಪಡೆದು ಅದೇ ಮನೆಯ ಮಗಳು ಮಿದೋರಿಯನ್ನು ವಿವಾಹವಾದರು. 1945ರ ಜೂನ್‌ನಲ್ಲಿ ಅವರಿಗೆ ರಕ್ತದ ಕ್ಯಾನ್ಸರ್ ಪತ್ತೆಯಾಗಿತ್ತು. ಮೂರು ವರ್ಷದ ಆಯುಷ್ಯ ಎಂದು ವೈದ್ಯರು ಹೇಳಿದ್ದರು. ತಾನು ಹೋದ ಮೇಲೆ ಹೆಂಡತಿ ಮಕ್ಕಳನ್ನು ನೋಡಿಕೊಳ್ಳುವಳೆಂಬ ಧೈರ್ಯ ಅವರಿಗಿತ್ತು. ಬಾಂಬ್ ಬಿದ್ದು ಎರಡು ದಿನದ ಬಳಿಕ, ಗಾಯಾಳುಗಳ ಆರೈಕೆ ಮುಗಿಸಿ ಮನೆಯ ಜಾಗಕ್ಕೆ ಬಂದಾಗ, ಅಡುಗೆಮನೆಯಿದ್ದ ಕಡೆ ಸುಟ್ಟ ಮೂಳೆಗಳೂ ಅವುಗಳ ನಡುವೆ ಕರಗಿದ ಜಪಸರವೂ ಸಿಕ್ಕವು. ಅಜ್ಜಿಯ ಜೊತೆ ಹಳ್ಳಿಯಲ್ಲಿದ್ದುದರಿಂದ ಇಬ್ಬರು ಮಕ್ಕಳು ಉಳಿದಿದ್ದರು.

ಅತ್ತ ನಗರದ ಇತರ ಭಾಗಗಳಲ್ಲಿ ಬೇರೆಯೇ ಮಾತು ಹಬ್ಬಿತ್ತು: ಊರದೇವತೆಗಳನ್ನು ಬಿಟ್ಟು ಪರದೇಶದ ದೇವರನ್ನು ನಂಬಿದ್ದಕ್ಕೆ ಉರಕಾಮಿಗೆ ಈ ಶಿಕ್ಷೆ. ಮಡದಿ ಮಕ್ಕಳನ್ನು ಕಳೆದುಕೊಂಡು ಬಂದ ಸೈನಿಕರು ನಾಗಾಯ್ ಅವರ ಬಳಿ ಬಂದು ಇದು ನಿಜವೇ ಎಂದು ಕೇಳುವಂತಾಯಿತು. 1945ರ ನವೆಂಬರ್ 23ರಂದು ಪಾಳುಬಿದ್ದ ಚರ್ಚಿನ ಅಂಗಳದಲ್ಲಿ ನಡೆದ ಸತ್ತವರ ಪೂಜೆಯಲ್ಲಿ ನಾಗಾಯ್ ಇದಕ್ಕೆ ಉತ್ತರವಿತ್ತರು. ಸತ್ತವರು ಶಿಕ್ಷೆಗೊಳಗಾದವರಲ್ಲ, ಯುದ್ಧವೆಂಬ ಮಹಾಪಾಪದ ಪರಿಹಾರಕ್ಕೆ ದೇವರು ಆರಿಸಿಕೊಂಡ ನಿರ್ಮಲ ಆಹುತಿ ಎಂಬುದು ಅವರ ಮಾತಿನ ತಾತ್ಪರ್ಯ.

ಅನೇಕರಿಗೆ ಆ ಮಾತು ಊರುಗೋಲಾಯಿತು. ಎಲ್ಲರಿಗೂ ಅಲ್ಲ. 1970ರ ದಶಕದಲ್ಲಿ ನಾಗಾಸಾಕಿಯ ಕವಿ ಯಾಮಾದಾ ಕಾನ್ ಮೊದಲಾದವರು ಇದನ್ನು ಕಟುವಾಗಿ ಟೀಕಿಸಿದರು. ದೇವರ ಇಚ್ಛೆ ಎಂದುಬಿಟ್ಟರೆ ಯುದ್ಧ ಹೂಡಿದವರ, ಬಾಂಬ್ ಹಾಕಿದವರ ಹೊಣೆ ಏನಾಯಿತು? ನೊಂದವರು ಸಿಟ್ಟಾಗುವ ಹಕ್ಕನ್ನೂ ಕಳೆದುಕೊಳ್ಳಬೇಕೇ? ಈ ಪ್ರಶ್ನೆಗಳು ನ್ಯಾಯವಾದವು. ಆದರೆ ನಾಗಾಯ್ ಮಾತನಾಡಿದ್ದು ವಿದ್ವಾಂಸರ ಸಭೆಯಲ್ಲಲ್ಲ, ಹೆಣಗಳನ್ನು ಸುಟ್ಟು ಮೂರು ತಿಂಗಳಾಗಿದ್ದ ಜನರ ಮುಂದೆ, ಹೆಂಡತಿಯ ಮೂಳೆಗಳನ್ನು ತಾವೇ ಆಯ್ದುಕೊಂಡಿದ್ದ ಕೈಗಳಿಂದ ಬರೆದುಕೊಂಡು ಬಂದ ಮಾತು ಎಂಬುದನ್ನು ಮರೆಯಲಾಗದು. 1981ರ ಫೆಬ್ರವರಿಯಲ್ಲಿ ಜಪಾನಿಗೆ ಬಂದ ಪೋಪ್ ಎರಡನೆಯ ಜಾನ್ ಪಾಲ್ ಹಿರೋಶಿಮಾದಲ್ಲಿ, ಯುದ್ಧವು ಮನುಷ್ಯರ ಕೃತ್ಯ ಎಂದು ಸ್ಪಷ್ಟವಾಗಿ ನುಡಿದರು. ಅದುವರೆಗೆ ಮೌನವಾಗಿದ್ದ ಉರಕಾಮಿಯ ಕೆಲವರು ತಮ್ಮ ಅನುಭವವನ್ನು ಬಹಿರಂಗವಾಗಿ ಹೇಳಲು ಆರಂಭಿಸಿದ್ದು ಆ ಬಳಿಕವೇ.

ನಾಗಾಯ್ ಹಾಸಿಗೆ ಹಿಡಿದೇ ಪುಸ್ತಕಗಳನ್ನು ಬರೆದು 1951ರ ಮೇ 1ರಂದು ತೀರಿಕೊಂಡರು. ಅವರ ಕೊನೆಯ ಕೃತಿ ತ್ಸುವಾನೊದ ಗಡೀಪಾರಿನ ಕುರಿತದ್ದು. 'ನಾಗಾಸಾಕಿ ವಲಯದ ಗುಪ್ತ ಕ್ರೈಸ್ತ ತಾಣಗಳು' 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 12 ತಾಣಗಳ ಆ ಪಟ್ಟಿಯಲ್ಲಿ ಓವುರಾ ಚರ್ಚ್ ಇದೆ, ಉರಕಾಮಿ ಇಲ್ಲ. ಅಲ್ಲಿ ಈಗ ನಿಂತಿರುವುದು 1959ರಲ್ಲಿ ಮತ್ತೆ ಕಟ್ಟಿದ ಕಟ್ಟಡ.

ಹಳೆಯ ಚರ್ಚಿನ ಎರಡು ಗಂಟೆಗಳಲ್ಲಿ ಒಂದನ್ನು ಊರಿನವರು ಅವಶೇಷಗಳಡಿಯಿಂದ ಅಗೆದು ತೆಗೆದು 1945ರ ಕ್ರಿಸ್‌ಮಸ್ ಹಿಂದಿನ ಸಂಜೆ ಬಾರಿಸಿದ್ದರು. ಇನ್ನೊಂದು ಒಡೆದುಹೋಗಿತ್ತು. ಅಮೆರಿಕದ ಕಥೋಲಿಕರು ಹಣ ಕೂಡಿಸಿ ಎರಕ ಹೊಯ್ಸಿದ ಹೊಸ ಗಂಟೆ ಅದರ ಜಾಗಕ್ಕೆ ಬಂದಿದ್ದು 2025ರಲ್ಲಿ. ಆ ವರ್ಷದ ಆಗಸ್ಟ್ 9ರಂದು 11 ಗಂಟೆ 2 ನಿಮಿಷಕ್ಕೆ, 80 ವರ್ಷಗಳ ಬಳಿಕ, ಎರಡು ಗೋಪುರಗಳ ಗಂಟೆಗಳೂ ಕೂಡಿ ಮೊಳಗಿದವು.